ವಾರಕ್ಕೆ ಒಂದೇ ಭಾಗ: ಸತ್ಯವೇದ (ಬೈಬಲ್) ಓದುವುದು, ಮನಸ್ಸಿಟ್ಟು ಆರಾಧಿಸುವುದು

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದವನು. ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಬರೆಯುವುದು, ಕೊಯ್ಲಿನ ತೂಕ ನೋಡುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿದೆ. ಬುಧವಾರ ಸಂಜೆ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ನಡೆಯುವ ಪ್ರಾರ್ಥನಾ ಕೂಟಕ್ಕೆ ಹೋಗಿ ಕೂರುತ್ತೇನೆ. ಅಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: "ರೈಟರಣ್ಣ, ಸತ್ಯವೇದ ಓದ್ತೀವಿ. ಓದಿ ಮುಚ್ಚಿದ ಮೇಲೆ ಏನೂ ಉಳಿಯಲ್ಲ. ಏನ್ ಮಾಡೋದು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಕಡಿಮೆ ಓದಿ. ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿ ಹಿಡಿದು ಆದಿಕಾಂಡದಿಂದ ಹೊರಟವರು ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ. ಆ ಪಟ್ಟಿ ಕೆಲವರಿಗೆ ಒಳ್ಳೆಯದೇ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ತೋಟದಲ್ಲಿ ಬೆನ್ನು ಬಗ್ಗಿಸಿದವರಿಗೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಭಾರವಾಗುತ್ತದೆ. ವಾರಕ್ಕೆ ಒಂದೇ ಒಂದು ಭಾಗ ತೆಗೆದುಕೊಳ್ಳಿ. ಏಳೆಂಟು ವಚನ ಸಾಕು. ಅದನ್ನೇ ಪ್ರತಿದಿನ ಓದಿ. ಅರೇಬಿಕಾ ಗಿಡದಲ್ಲಿ ಹಣ್ಣಾದದ್ದನ್ನು ಮಾತ್ರ ಕೊಯ್ದು, ಹಸಿರು ಕಾಯಿ ಬಿಟ್ಟು, ಇನ್ನೊಂದು ಸುತ್ತಿಗೆ ಮತ್ತೆ ಅದೇ ಗಿಡಕ್ಕೆ ಬರುತ್ತೇವಲ್ಲ, ಹಾಗೆ. ಇವತ್ತು ಅರ್ಥವಾಗದ ವಚನವನ್ನು ಎಳೆಯಬೇಡಿ. ನಾಳೆ ಮತ್ತೆ ಬನ್ನಿ.

ಹೊತ್ತು ಯಾವುದು ಅಂತ ಕೇಳುತ್ತಾರೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥಿಸಿದ ಎಂದು ಮಾರ್ಕ 1:35ರಲ್ಲಿದೆ. ಕೆಲಸಕ್ಕೆ ಹೊರಡುವ ಮುಂಚಿನ ಹೊತ್ತು ಒಳ್ಳೆಯದು, ಅದರಲ್ಲೂ ಕೊಯ್ಲಿನ ಕಾಲದಲ್ಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆ ಯಾರಿಗೂ ಕಣ್ಣು ನಿಲ್ಲುವುದಿಲ್ಲ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಬೇರೆ ಕಥೆ. ಕರೆಂಟ್ ಇರುವುದಿಲ್ಲ, ಶೀಟಿನ ಮೇಲೆ ಮಳೆ ಬಿದ್ದು ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆಗ ಟಾರ್ಚ್ ಹಿಡಿದು ಗಟ್ಟಿಯಾಗಿ ಓದಿ. ಯಾವ ಕಾಲದಲ್ಲಾದರೂ ಗಟ್ಟಿಯಾಗಿ ಓದುವುದೇ ಒಳ್ಳೆಯದು. ಕಣ್ಣು ಹಾರಿಸಿಕೊಂಡು ಹೋಗುವ ಮಾತನ್ನು ಬಾಯಿ ಹಾರಿಸುವುದಿಲ್ಲ. ಮೊಬೈಲಿನಲ್ಲಿ ಓದುವುದಾದರೆ ಇಂಟರ್ನೆಟ್ ಆಫ್ ಮಾಡಿ. ವಾಟ್ಸಾಪ್‌ನಲ್ಲಿ ಬಂದ ವಚನದ ಚಿತ್ರವನ್ನು ನಾಲ್ಕು ಜನಕ್ಕೆ ಕಳಿಸಿದರೆ ಓದಿದ ಹಾಗಲ್ಲ.

ಒಂದು ಭಾಗ ಹಿಡಿದು ತೋರಿಸುತ್ತೇನೆ. ಮಾರ್ಕ 10:46ರಿಂದ 52. ಕುರುಡ ಬಾರ್ತಿಮಾಯನ ಕಥೆ. ಹೊಸಬರಿಗೆ ನಾನು ಯಾವಾಗಲೂ ಇದನ್ನೇ ಕೊಡುತ್ತೇನೆ.

ಸೋಮವಾರ ಸುಮ್ನೆ ಓದಿ. ಏನನ್ನೂ ಹುಡುಕಬೇಡಿ. ಜಾಗ ಯೆರಿಕೋ. ಯೇಸು ಊರು ಬಿಟ್ಟು ಹೊರಟಿದ್ದಾನೆ, ಜನ ಜಾಸ್ತಿ ಇದ್ದಾರೆ. ದಾರಿ ಪಕ್ಕದಲ್ಲಿ ಒಬ್ಬ ಭಿಕ್ಷೆ ಬೇಡುತ್ತ ಕೂತಿದ್ದಾನೆ. ಇಷ್ಟು ಕಣ್ಣ ಮುಂದೆ ಬಂದರೆ ಆ ದಿನದ ಕೆಲಸ ಆಯಿತು.

ಮಂಗಳವಾರ, ಅಲ್ಲಿ ಯಾರು ಯಾರು ಏನು ಮಾಡಿದರು ಅಂತ ನೋಡಿ. ಬಾರ್ತಿಮಾಯ ಕೂಗಿದ. ಜನ ಗದರಿಸಿದರು, ಸುಮ್ಮನಿರು ಅಂದರು. ಅವನು ಇನ್ನೂ ಜೋರಾಗಿ ಕೂಗಿದ. ಯೇಸು ನಿಂತ. ಯೆರೂಸಲೇಮಿಗೆ, ತನ್ನ ಶಿಲುಬೆಯ ಕಡೆಗೆ ಹೊರಟವನು ಒಬ್ಬ ಭಿಕ್ಷುಕನಿಗಾಗಿ ದಾರಿಯಲ್ಲಿ ನಿಂತ. ಈಗ ಕೇಳಿಕೊಳ್ಳಿ: ಈ ಗುಂಪಿನಲ್ಲಿ ನಾನು ಯಾರು? ಕೂಗುವವನೋ, ಗದರಿಸುವವನೋ, "ಧೈರ್ಯವಾಗಿರು, ಏಳು, ಕರೆಯುತ್ತಿದ್ದಾನೆ" ಅಂದವನೋ? ಉತ್ತರವನ್ನು ಯಾರಿಗೂ ಹೇಳಬೇಕಾಗಿಲ್ಲ.

ಬುಧವಾರ ಒಂದು ಸಣ್ಣ ವಿಷಯದ ಮೇಲೆ ನಿಲ್ಲಿ. ಕರೆದ ಕೂಡಲೇ ಬಾರ್ತಿಮಾಯ ತನ್ನ ಹೊದಿಕೆಯನ್ನು ಎಸೆದು ಎದ್ದ. ನಮ್ಮ ಕೂಟದಲ್ಲಿ ಒಬ್ಬ ಅಜ್ಜಿ ಇದನ್ನು ಹಿಡಿದರು. "ಕಣ್ಣಿಲ್ಲದವನು ಕಂಬಳಿ ಎಸೆದರೆ ಆಮೇಲೆ ಹ್ಯಾಗೆ ಹುಡುಕ್ತಾನೆ?" ಅಂದರು. ಡಿಸೆಂಬರ್ ಚಳಿಯಲ್ಲಿ ಲೈನ್ ಮನೆಯಲ್ಲಿ ಮಲಗಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಬಡವನ ಹೊದಿಕೆ ಅಡವಿಟ್ಟುಕೊಂಡರೆ ಸೂರ್ಯ ಮುಳುಗುವ ಮೊದಲು ವಾಪಸ್ ಕೊಡಿ, ಅವನಿಗೆ ಹೊದೆಯಲು ಇರುವುದು ಅದೊಂದೇ ಎಂದು ವಿಮೋಚನಕಾಂಡ 22:26–27ರಲ್ಲಿ ದೇವರು ಹೇಳುತ್ತಾನೆ. ಅಂಥದ್ದನ್ನು ಅವನು ಎಸೆದು ಬಂದ. ವಾಪಸ್ ಬರುವಾಗ ತನಗೆ ಕಣ್ಣಿರುತ್ತದೆ ಅಂತ ಅವನು ನಂಬಿದ್ದ, ಅಲ್ವಾ? ದೊಡ್ಡ ಪುಸ್ತಕ ಓದದ ಅಜ್ಜಿಗೆ ಇದು ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ನಿಮ್ಮ ಜೀವನವನ್ನು ಹೊರಗಿಟ್ಟು ಸತ್ಯವೇದ ಓದಬೇಡಿ. ನಿಮ್ಮ ಚಳಿ, ನಿಮ್ಮ ಸಾಲ, ನಿಮ್ಮ ಮಂಡಿನೋವು ಎಲ್ಲವನ್ನೂ ಜೊತೆಗೆ ತನ್ನಿ.

ಗುರುವಾರ ಯೇಸುವಿನ ಪ್ರಶ್ನೆ: ನಾನು ನಿನಗೆ ಏನು ಮಾಡಬೇಕು? ಕುರುಡನಿಗೆ ಏನು ಬೇಕು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಯೇಸು ಕೇಳಿದ. ಅವನ ಬಾಯಿಂದಲೇ ಬರಲಿ ಅಂತ ಕಾದ. ಈ ಪ್ರಶ್ನೆಯನ್ನು ನಿಮ್ಮ ಹೆಸರು ಸೇರಿಸಿ ಓದಿ, ಆಮೇಲೆ ಉತ್ತರ ಕೊಡಿ. ಪ್ರಾರ್ಥನೆ ಶುರುವಾಗುವುದು ಇಲ್ಲಿ. ಶುಕ್ರವಾರ ಕೊನೆಯ ವಚನ ನೋಡಿ. ಯೇಸು ಅವನಿಗೆ ಹೋಗು ಅಂದ. ಅವನು ಮನೆಗೆ ಹೋಗಲಿಲ್ಲ, ಅದೇ ದಾರಿಯಲ್ಲಿ ಯೇಸುವಿನ ಹಿಂದೆ ನಡೆದ.

ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದಿಟ್ಟರೆ ಒಳ್ಳೆಯದು. ಬರೆಯಲು ಬಾರದವರು ಮನೆಯವರಿಗೆ ಹೇಳಿದರೂ ಸಾಕು.

ಪ್ರಾರ್ಥನೆಯ ಬಗ್ಗೆ ಸ್ವಲ್ಪ ಹೇಳಬೇಕು. ಕೂಟದಲ್ಲಿ ಕೆಲವರು ಪ್ರಾರ್ಥನೆಗೆ ಬಾಯಿ ತೆರೆದರೆ ದನಿಯೇ ಬೇರೆ ಆಗುತ್ತದೆ. ಯಾರೋ ಬೋಧಕರಿಂದ ಕೇಳಿದ ಮಾತು, ಕೇಳಿದ ರಾಗ. ಇದರಿಂದ ಪಕ್ಕದಲ್ಲಿ ಕೂತ ಸಾದಾ ಜನ ಹೆದರಿ ಬಾಯಿ ಮುಚ್ಚುತ್ತಾರೆ. ನನಗೆ ಅದು ತುಂಬಾ ನೋವಿನ ವಿಷಯ. ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದು ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾನೆ. ನಮ್ಮ ಲೈನ್‌ಗಳಲ್ಲಿ ತುಳು, ಮಲಯಾಳ, ತಮಿಳು, ಎರವ ಭಾಷೆ ಎಲ್ಲ ಇದೆ. ಮನೆಯಲ್ಲಿ ಅತ್ತಾಗ ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲೇ ಪ್ರಾರ್ಥಿಸಿ. ಬಾರ್ತಿಮಾಯನ ಪ್ರಾರ್ಥನೆ ಒಂದೇ ಸಾಲು: ದಾವೀದನ ಕುಮಾರನೇ, ನನ್ನನ್ನು ಕರುಣಿಸು.

ಅಳು ಅಂದಾಗ ಇನ್ನೊಂದು ಮಾತು. ದೇವರ ಮುಂದೆ ಬರೀ ಸ್ತೋತ್ರ ಹೇಳಬೇಕು, ದೂರು ಹೇಳಬಾರದು ಅಂತ ಕೆಲವರು ಕಲಿಸುತ್ತಾರೆ. ಸತ್ಯವೇದ ಹಾಗೆ ಕಲಿಸುವುದಿಲ್ಲ. ಕೀರ್ತನೆ 13 ತೆಗೆಯಿರಿ, ಆರೇ ವಚನ. ಮೊದಲ ಎರಡು ವಚನದಲ್ಲಿ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. ಕೀರ್ತನೆ 88ರಲ್ಲಂತೂ ಕೊನೆಯವರೆಗೂ ಸಮಾಧಾನ ಸಿಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದರು. ಬೆಟ್ಟಗಳು ಅಲುಗಿ ಸಮುದ್ರಕ್ಕೆ ಬಿದ್ದರೂ ಹೆದರುವುದಿಲ್ಲ ಅನ್ನುತ್ತದೆ ಕೀರ್ತನೆ 46. ಅದು ಸತ್ಯ, ನಾನು ನಂಬುತ್ತೇನೆ. ಆದರೆ ಮನೆ ಮಣ್ಣಿನಡಿ ಹೋದವರ ಮುಂದೆ ಮೊದಲ ದಿನವೇ ಅದನ್ನು ಓದಬೇಡಿ. ಮೊದಲು 13ನ್ನು ಓದಿ, ಅವರ ಜೊತೆ ಕೂತು ಅಳಿ. 46 ಆಮೇಲೆ ಬರಲಿ. ಕೀರ್ತನೆ ಬರೆದವನೇ ಹೆದರಿಕೆಯಿಲ್ಲದೆ ದೂರು ಕೊಟ್ಟಿದ್ದಾನೆ ಅಂದರೆ, ನೀವೂ ಕೊಡಬಹುದು.

ಈಗ ಶನಿವಾರ. ಇದನ್ನು ಬಿಟ್ಟರೆ ಮೇಲೆ ಹೇಳಿದ್ದೆಲ್ಲ ಅರ್ಧವಾಗುತ್ತದೆ.

ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದು ಮತ್ತಾಯ 5:23–24. ಭಾನುವಾರ ಬೆಂಚಿನಲ್ಲಿ ಕೂತ ಮೇಲೆ ನೆನಪಾದರೆ ಕಷ್ಟ. ಅದಕ್ಕೇ ಶನಿವಾರ ಸಂಜೆಯೇ ನೆನಪು ಮಾಡಿಕೊಳ್ಳಿ. ನಲ್ಲಿ ನೀರಿಗೆ ಪಕ್ಕದ ಮನೆಯವಳ ಜೊತೆ ಜಗಳ ಆಗಿತ್ತೇ? ಕೈಸಾಲ ತೆಗೆದುಕೊಂಡು ಮುಖ ತಪ್ಪಿಸಿ ಓಡಾಡುತ್ತಿದ್ದೀರಾ? ಪೂರ್ತಿ ಕೊಡಲು ಇಲ್ಲದಿದ್ದರೆ ಹೋಗಿ ಹಾಗಂತ ಹೇಳಿ. ಎದುರಿಗೆ ನಿಂತು ಹೇಳುವುದೇ ಅರ್ಧ ತೀರಿಸಿದ ಹಾಗೆ.

ಒಂದು ಎಚ್ಚರಿಕೆ. ಈ ವಚನದಲ್ಲಿ ಹೋಗಬೇಕಾದವನು ತಪ್ಪು ಮಾಡಿದವನು. ಕುಡಿದು ಹೊಡೆಯುವ ಗಂಡನ ಹತ್ತಿರ ಹೆಂಡತಿಯನ್ನು ವಾಪಸ್ ಕಳಿಸಲು ಇದನ್ನು ಬಳಸುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳು ಮೊದಲು ಸುರಕ್ಷಿತ ಜಾಗದಲ್ಲಿರಲಿ. ಕಾಣಿಕೆ ಬಿಟ್ಟು ಎದ್ದು ಹೋಗಬೇಕಾದವನು ಅವನು.

ಕೂಲಿ ಕೊಡುವ ಕೈಯಲ್ಲಿರುವವರಿಗೆ ನನ್ನ ಮಾತು ಇನ್ನೂ ನೇರ. ತೋಟದ ಮಾಲೀಕರೇ ಇರಲಿ, ರೈಟರೇ ಇರಲಿ, ಮೇಸ್ತ್ರಿಯೇ ಇರಲಿ. ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ 24:15. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬ 5:4. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1. ಇವು ಕೊಯ್ಲಿನ ತೂಕ ನೋಡುವವನಿಗೆ ದೂರದ ಮಾತುಗಳಲ್ಲ. ಚೀಲದ ತೂಕ ಅಂತ ಕಿಲೋ ಜಾಸ್ತಿ ಕಳೆದಿದ್ದೀರಾ? ಒಬ್ಬಳ ಅರ್ಧ ದಿನದ ಹಾಜರಿ ಬಿಟ್ಟುಹೋಗಿದೆಯಾ? ಬಟವಾಡೆಗೆ ಕೂರುವ ಮೊದಲು ಚೆಕ್‌ರೋಲ್ ಇನ್ನೊಮ್ಮೆ ನೋಡಿ. ನನ್ನ ಮಟ್ಟಿಗೆ ಆ ಪುಸ್ತಕ ತಿರುವಿ ನೋಡುವುದೂ ಭಾನುವಾರದ ತಯಾರಿಯೇ. ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ, ನ್ಯಾಯ ನೀರಿನ ಹಾಗೆ ಹರಿಯಲಿ ಅಂತ ಪ್ರವಾದಿ ಆಮೋಸನ ಬಾಯಲ್ಲಿ ದೇವರು ಹೇಳಿದ್ದು ಹಾಡಲು ಬಾರದವರಿಗಲ್ಲ. ಚೆನ್ನಾಗಿ ಹಾಡುತ್ತಿದ್ದ ಜನಕ್ಕೆ.

ಭಾನುವಾರದ ಆರಾಧನೆಗೆ ಹೇಳುವುದು ಕಡಿಮೆ. ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಹೋಗಿ ಕೂರಿ. ವಾರವಿಡೀ ಓದಿದ ಭಾಗವನ್ನು ಮನಸ್ಸಿನಲ್ಲಿ ಒಮ್ಮೆ ನಡೆಸಿ. ಹಾಡುವಾಗ ಪುಸ್ತಕದ ಸಾಲನ್ನು ಮೊದಲು ಓದಿ, ಆಮೇಲೆ ಹಾಡಿ. ನಿಮಗೆ ನಿಜವಾಗಿ ಹೇಳಲಾಗದ ಸಾಲು ಬಂದರೆ ಅದನ್ನೇ ಪ್ರಾರ್ಥನೆ ಮಾಡಿಕೊಳ್ಳಿ: ಕರ್ತನೇ, ಇದು ನನ್ನಲ್ಲಿ ಇನ್ನೂ ಇಲ್ಲ, ಕೊಡು. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ) ದಿನ 1 ಕೊರಿಂಥ 11 ಓದಿ ಹೋಗಿ. ಅಲ್ಲಿ ಪೌಲ ಸಿಟ್ಟಾಗಿರುವುದು ಉಳ್ಳವರು ಮೊದಲೇ ಉಂಡು ಇಲ್ಲದವರನ್ನು ಹಸಿದುಕೊಂಡಿರಲು ಬಿಟ್ಟದ್ದಕ್ಕೆ.

ದೊಡ್ಡ ದೇವಾಲಯ ಇಲ್ಲ, ಲೈನ್ ಮನೆಯ ಜಗಲಿಯಲ್ಲಿ ಸೇರುತ್ತೇವೆ ಅಂತ ಕೆಲವರಿಗೆ ಕೊರಗು. ಕೊಡಗಿನಲ್ಲಿ ಹಳೆಯ ದೇವಾಲಯಗಳಿಗೆ ಕಡಿಮೆ ಇಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರಷ್ಟು ಹಿಂದಿನದು, ದೊಡ್ಡ ವೀರರಾಜೇಂದ್ರ ರಾಜರ ಕಾಲದ್ದು. ಅಲ್ಲಿ ಇಂದಿಗೂ ಜನ ಮೊಣಕಾಲೂರುತ್ತಾರೆ. ಮಡಿಕೇರಿ ಕೋಟೆಯೊಳಗಿನ ಚರ್ಚ್ 1850ರ ದಶಕದ್ದು. ಅದು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಗೋಡೆ ಗಟ್ಟಿಯಾಗಿದೆ, ಆರಾಧನೆ ಇಲ್ಲ. ಸಮಾರ್ಯದ ಹೆಂಗಸು ಯಾವ ಬೆಟ್ಟದಲ್ಲಿ ಆರಾಧಿಸಬೇಕು ಅಂತ ಕೇಳಿದಾಗ, ಈ ಬೆಟ್ಟವೂ ಅಲ್ಲ ಯೆರೂಸಲೇಮೂ ಅಲ್ಲ, ಆತ್ಮದಿಂದ ಸತ್ಯದಿಂದ ಆರಾಧಿಸುವವರನ್ನು ತಂದೆ ಹುಡುಕುತ್ತಿದ್ದಾನೆ ಎಂದ ಯೇಸು. ಯೋಹಾನ 4ನೇ ಅಧ್ಯಾಯ. ಅಮ್ಮತ್ತಿ ಕಡೆಯ ಆನಂದಪುರದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಸಭೆ ಕಟ್ಟಿದಾಗ ಬಂದು ಸೇರಿದವರೂ ಕೂಲಿ ಜನವೇ.

ಬಾರ್ತಿಮಾಯ ಮುಗಿದ ಮೇಲೆ ಲೂಕ 19:1–10 ತೆಗೆದುಕೊಳ್ಳಿ. ಅದೂ ಯೆರಿಕೋದಲ್ಲೇ ನಡೆದದ್ದು. ಜಕ್ಕಾಯ ಮರದಿಂದ ಇಳಿದು, ಯಾರಿಂದ ಮೋಸದಿಂದ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ಕೊಯ್ಲಿನ ಕಾಲಕ್ಕೆ ರೂತಳ 2ನೇ ಅಧ್ಯಾಯ ಒಳ್ಳೆಯದು. ಬೇರೆ ಊರಿಂದ ಬಂದ ಹೆಂಗಸು, ಇನ್ನೊಬ್ಬರ ಹೊಲ, ಒಬ್ಬ ಒಳ್ಳೆಯ ಯಜಮಾನ. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ವಾರ ಕೀರ್ತನೆ 65ರ ಕೊನೆಯ ಐದು ವಚನಗಳನ್ನು ತೋಟದಲ್ಲೇ ನಿಂತು ಓದಿ. ಮಕ್ಕಳಿರುವ ಮನೆಯಲ್ಲಿ ಮಾರ್ಕನ ಕಥೆಗಳೇ ಸಾಕು, ಓದುವ ಸರದಿಯನ್ನು ಮಕ್ಕಳಿಗೇ ಕೊಡಿ, ತಪ್ಪು ಓದಿದರೂ ನಡುವೆ ತಡೆಯಬೇಡಿ. ಪಕ್ಕದ ಮನೆಯಲ್ಲಿ ಓದಲು ಬಾರದ ಅಜ್ಜ ಅಜ್ಜಿ ಇದ್ದರೆ ಬುಧವಾರದವರೆಗೆ ಕಾಯಬೇಡಿ. ಸಂಜೆ ಕಾಫಿ ಹೊತ್ತಿಗೆ ಹೋಗಿ ಆ ಏಳು ವಚನ ಗಟ್ಟಿಯಾಗಿ ಓದಿ, "ನಿಮಗೆ ಏನನ್ನಿಸ್ತು?" ಅಂತ ಕೇಳಿ, ಅವರು ಹೇಳುವವರೆಗೆ ಕೂರಿ.