ಸಿಬಿಸಿ ವರದಿಯನ್ನು ಓದುವ ಕ್ರಮ: ರಕ್ತಕಣಗಳ ಲೆಕ್ಕದಿಂದ ತಿಳಿಯುವುದೇನು?

ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ, ಮಂಡ್ಯದ ಮಿಮ್ಸ್‌ಗಾಗಲಿ ಜ್ವರ, ಸುಸ್ತು ಎಂದು ಹೋದವರಿಗೆ ಮೊದಲು ಬರೆದುಕೊಡುವ ಪರೀಕ್ಷೆಗಳಲ್ಲಿ ಸಿಬಿಸಿ (ಕಂಪ್ಲೀಟ್ ಬ್ಲಡ್ ಕೌಂಟ್, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ) ಒಂದು. ತೋಳಿನಿಂದ ತೆಗೆದ ಸ್ವಲ್ಪ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಲವಣವಿರುವ ನೇರಳೆ ಮುಚ್ಚಳದ ಕೊಳವೆಗೆ ಹಾಕಿ, ಅದರಲ್ಲಿರುವ ಕಣಗಳನ್ನು ಯಂತ್ರದಿಂದ ಎಣಿಸುತ್ತಾರೆ. ವರದಿ ಕೈಗೆ ಬಂದಾಗ ದಪ್ಪ ಅಕ್ಷರದಲ್ಲಿರುವ ಒಂದೇ ಅಂಕಿಯನ್ನು ಹಿಡಿದು ಮನೆಮಂದಿಯೆಲ್ಲ ಗಾಬರಿಯಾಗುವುದುಂಟು. ಯಾವ ಅಂಕಿಯನ್ನೂ ಒಂಟಿಯಾಗಿ ಓದಬಾರದು. ಅದರ ಅರ್ಥ ಪಕ್ಕದ ಅಂಕಿಗಳಲ್ಲಿರುತ್ತದೆ.

ಮೊದಲು ವಯಸ್ಸು, ಲಿಂಗ ಮತ್ತು ಅಳತೆಯ ಮಾನವನ್ನು ನೋಡಿ. ಒಂದು ಪ್ರಯೋಗಾಲಯ ಪ್ಲೇಟ್‌ಲೆಟ್ಟನ್ನು 1.5 ಲಕ್ಷ ಎಂದು ಬರೆದರೆ ಇನ್ನೊಂದು ಸಾವಿರದ ಲೆಕ್ಕದಲ್ಲಿ 150 ಎಂದು ಬರೆಯುತ್ತದೆ, ಎರಡೂ ಒಂದೇ. ಚಿಕ್ಕ ಮಕ್ಕಳ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಗಿಂತ ಲಿಂಫೋಸೈಟ್ ಎಂಬ ಬಗೆ ಹೆಚ್ಚಿರುವುದು ಸಹಜ, ಆದ್ದರಿಂದ ದೊಡ್ಡವರ ಮಿತಿಯನ್ನು ಮಗುವಿನ ವರದಿಗೆ ಅನ್ವಯಿಸಬಾರದು.

ನಂತರ ಕೆಂಪು ರಕ್ತಕಣಗಳ ಸಾಲುಗಳಿಗೆ ಬನ್ನಿ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಕೋಶಕೇಂದ್ರವನ್ನು ಕಳೆದುಕೊಂಡು, ಎರಡೂ ಬದಿ ನಡುವೆ ತಗ್ಗಾದ ಬಿಲ್ಲೆಯಂತೆ ರಕ್ತಕ್ಕಿಳಿಯುವ ಈ ಕಣ ಸುಮಾರು 120 ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ದೇಹದ ಎಲ್ಲ ಅಂಗಗಳಿಗೂ ಒಯ್ಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11 (ಗರ್ಭದ ನಡುವಿನ ಮೂರು ತಿಂಗಳಲ್ಲಿ 10.5) ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಇವು ಪ್ರತಿ ಡೆಸಿಲೀಟರಿನ ಲೆಕ್ಕ.

ಇಲ್ಲಿಗೇ ನಿಲ್ಲದೆ ಎಂಸಿವಿ ಎಂಬ ಸಾಲನ್ನೂ ನೋಡಬೇಕು, ಏಕೆಂದರೆ ರಕ್ತಹೀನತೆಯ ಕಾರಣದ ಸುಳಿವು ಸಿಗುವುದು ಅಲ್ಲಿಯೇ. ಅದು ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯನ್ನು ಯೋಚಿಸಬೇಕಾಗುತ್ತದೆ. 80ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಕಬ್ಬಿಣದ ಕೊರತೆ, ಕೆಲವೊಮ್ಮೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗ) ವಾಹಕ ಸ್ಥಿತಿ. ಇವೆರಡನ್ನು ಬೇರ್ಪಡಿಸಲು ಸುಲಭದ ಒಂದು ಲೆಕ್ಕವಿದೆ: ಎಂಸಿವಿಯನ್ನು ದಶಲಕ್ಷಗಳಲ್ಲಿ ಕೊಟ್ಟಿರುವ ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿ. 68ನ್ನು 4ರಿಂದ ಭಾಗಿಸಿದರೆ 17. 13ಕ್ಕಿಂತ ಹೆಚ್ಚಾದ್ದರಿಂದ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ. 65ನ್ನು 5.8ರಿಂದ ಭಾಗಿಸಿದರೆ ಸುಮಾರು 11. 13ಕ್ಕಿಂತ ಕಡಿಮೆಯಾದ್ದರಿಂದ ಥಲಸ್ಸೀಮಿಯಾ ವಾಹಕ ಸ್ಥಿತಿಯ ಕಡೆಗೆ ವಾಲುತ್ತದೆ. ಇಂಥವರು ಮಾತ್ರೆ ನುಂಗುತ್ತ ಹೋಗುವ ಮೊದಲು ಹಿಮೋಗ್ಲೋಬಿನ್ನಿನ ಬಗೆಯನ್ನು ತಿಳಿಸುವ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಈ ಲೆಕ್ಕ ಸುಳಿವು ಮಾತ್ರ, ತೀರ್ಪಲ್ಲ. ಆದರೆ ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ತೀವ್ರ ರೋಗ ಬರುವ ಸಾಧ್ಯತೆ ಶೇ. 25ರಷ್ಟಿರುವುದರಿಂದ ಮದುವೆಗೆ ಮೊದಲೇ ತಿಳಿದಿರುವುದು ಮೇಲು.

ಮುದ್ದೆ, ಸೊಪ್ಪಿನ ಸಾರು ಉಣ್ಣುವ ನಮ್ಮಲ್ಲಿ ಕಬ್ಬಿಣ ಕಡಿಮೆಯಾಗುವುದೇಕೆ ಎಂದು ಹಲವರು ಕೇಳುತ್ತಾರೆ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರ ಫೈಟೇಟ್ ಮತ್ತು ಟ್ಯಾನಿನ್ ಅಂಶಗಳು ಕರುಳು ಅದನ್ನು ಹೀರುವುದಕ್ಕೆ ಅಡ್ಡಿಯಾಗುತ್ತವೆ. ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡು, ಊಟದ ಬೆನ್ನಲ್ಲೇ ಕುಡಿಯುವ ಕಾಫಿಯನ್ನು ಒಂದು ಗಂಟೆ ಮುಂದೂಡಿದರೆ ಪ್ರಯೋಜನವಾಗುತ್ತದೆ. ಇನ್ನೊಂದು ಕಾರಣ ಕೊಕ್ಕೆಹುಳು. ಮಲ ಬೆರೆತ ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವರ ಪಾದದ ಚರ್ಮದ ಮೂಲಕ ಇದರ ಮರಿ ಒಳಸೇರುತ್ತದೆ. ಬೆಳೆದ ಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೊಲಗದ್ದೆಯಲ್ಲಿ ದುಡಿಯುವವರ ವರದಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಎಂಸಿವಿ ಕಡಿಮೆ, ಇಯೊಸಿನೊಫಿಲ್ ಹೆಚ್ಚು, ಈ ಮೂರೂ ಒಟ್ಟಿಗೆ ಕಂಡರೆ ಹುಳುವಿನ ವಿಷಯವನ್ನು ವೈದ್ಯರಲ್ಲಿ ಕೇಳಲೇಬೇಕು.

ಇಯೊಸಿನೊಫಿಲ್ ಬಿಳಿ ರಕ್ತಕಣಗಳ ಐದು ಬಗೆಗಳಲ್ಲಿ ಒಂದು. ಹುಳುಗಳ ವಿರುದ್ಧ ಹೋರಾಡುವುದರ ಜೊತೆಗೆ ಅಲರ್ಜಿ, ಆಸ್ತಮಾಗಳಲ್ಲೂ ಹೆಚ್ಚುತ್ತದೆ. ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುತ್ತದೆ. ಲಿಂಫೋಸೈಟ್‌ಗಳಲ್ಲಿ ಬಿ ಕಣದ ಸಂತತಿ ಪ್ರತಿಕಾಯಗಳನ್ನು ತಯಾರಿಸಿದರೆ, ಟಿ ಕಣಗಳಲ್ಲಿ ಕೆಲವು ವೈರಸ್ ಹೊಕ್ಕ ಜೀವಕೋಶಗಳನ್ನೇ ನಾಶಮಾಡುತ್ತವೆ. ಮೊನೊಸೈಟ್ ಅಂಗಾಂಶಗಳಿಗೆ ಹೋಗಿ ದೊಡ್ಡ ಭಕ್ಷಕ ಕಣವಾಗುತ್ತದೆ. ಬೇಸೊಫಿಲ್ ಬಹಳ ವಿರಳ. ಹಿಸ್ಟಮಿನ್ ಬಿಡುಗಡೆ ಮಾಡುತ್ತದೆ.

ಇವುಗಳ ಶೇಕಡಾವಾರು ಅಂಕಿಯನ್ನಷ್ಟೇ ನೋಡಿದರೆ ದಾರಿ ತಪ್ಪುತ್ತದೆ. ಒಟ್ಟು ಬಿಳಿ ಕಣ ಮೈಕ್ರೋಲೀಟರಿಗೆ 3,000, ಲಿಂಫೋಸೈಟ್ ಶೇ. 60, ನ್ಯೂಟ್ರೋಫಿಲ್ ಶೇ. 30 ಎಂದಿಟ್ಟುಕೊಳ್ಳಿ. ಗುಣಿಸಿದರೆ ಲಿಂಫೋಸೈಟ್ 1,800, ಅಂದರೆ ಮಿತಿಯೊಳಗೇ ಇದೆ. ನಿಜವಾಗಿ ಕಡಿಮೆಯಾಗಿರುವುದು 900ಕ್ಕೆ ಇಳಿದಿರುವ ನ್ಯೂಟ್ರೋಫಿಲ್. ವೈರಸ್ ಜ್ವರಗಳಲ್ಲಿ ಹೀಗಾಗುವುದುಂಟು. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿದು ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯದು ಪ್ಲೇಟ್‌ಲೆಟ್. ಮಜ್ಜೆಯ ದೈತ್ಯಕಣಗಳಿಂದ ಉದುರಿದ ಈ ಚೂರುಗಳು ಏಳರಿಂದ ಹತ್ತು ದಿನ ಬದುಕಿ, ಗಾಯವಾದಲ್ಲಿ ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಸಾಮಾನ್ಯ ಮಿತಿ 1.5ರಿಂದ 4.5 ಲಕ್ಷ. ಮಳೆಗಾಲದ ಡೆಂಗಿಯಲ್ಲಿ ಎಲ್ಲರ ಕಣ್ಣೂ ಇದೊಂದರ ಮೇಲೆಯೇ ಇರುತ್ತದೆ, ಆದರೆ ಅದರ ಜೊತೆಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಪಾಲು) ಸಾಲನ್ನು ನೋಡುವುದು ಅಷ್ಟೇ ಮುಖ್ಯ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಹೆಮಟೋಕ್ರಿಟ್ ಏರುತ್ತಿದ್ದರೆ ರಕ್ತದ ದ್ರವ ನಾಳಗಳಿಂದ ಹೊರಗೆ ಸೋರುತ್ತಿದೆ ಎಂದರ್ಥ, ಮತ್ತು ಈ ಅಪಾಯ ಹೆಚ್ಚಾಗುವುದು ಜ್ವರ ಬಿಟ್ಟ ಹೊತ್ತಿನಲ್ಲಿ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡಾಗ ಪರಂಗಿ ಎಲೆಯ ರಸ ಕುಡಿಸುತ್ತ ಮನೆಯಲ್ಲಿ ಕಾಯಬಾರದು. ಆಸ್ಪಿರಿನ್, ಐಬುಪ್ರೊಫೆನ್ ಕೊಡಲೂಬಾರದು.

ಯಾವ ತೊಂದರೆಯೂ ಇಲ್ಲದವರ ವರದಿಯಲ್ಲಿ ಪ್ಲೇಟ್‌ಲೆಟ್ ಏಕಾಏಕಿ ತೀರಾ ಕಡಿಮೆ ಬಂದರೆ, ಗಾಜಿನ ಪಟ್ಟಿಯ ಮೇಲೆ ರಕ್ತಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿಕೊಳ್ಳಿ. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎ ತಗುಲಿದೊಡನೆ ಗುಂಪುಗಟ್ಟುವುದರಿಂದ ಯಂತ್ರ ಅವನ್ನು ಎಣಿಸದೆ ಬಿಡುತ್ತದೆ; ಸಿಟ್ರೇಟ್ ಇರುವ ನೀಲಿ ಮುಚ್ಚಳದ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದಾಗ ಬಹುತೇಕ ಸರಿಯಾದ ಸಂಖ್ಯೆ ಸಿಗುತ್ತದೆ.