ನಾಯಿ ಓಡಾಡುವ ಹಿತ್ತಲು

ಹಿತ್ತಲಲ್ಲಿ ಗಿಡ ನೆಡುವ ಮೊದಲು ನಾಲ್ಕು ದಿನ ನಾಯಿಯನ್ನು ಅದರ ಪಾಡಿಗೆ ಬಿಟ್ಟು ನೋಡಿ. ಬೇಲಿಯ ಅಂಚಿಗೇ ಸುತ್ತು ಹೊಡೆಯುತ್ತದೆ, ಯಾರೇ ಬಂದರೂ ಒಂದೇ ಮೂಲೆಗೆ ಓಡುತ್ತದೆ. ಆ ದಾರಿಯಲ್ಲಿ ಗೊಂಡೆಹೂವಿನ ಮಡಿ ಮಾಡಿಕೊಂಡು ಆಮೇಲೆ ನಾಯಿಗೆ ಬೈದರೆ ಏನು ಬಂತು? ಬೇಲಿಗೂ ಗಿಡಕ್ಕೂ ನಡುವೆ ಎರಡಡಿ ಬಿಡಿ. ಶಿರಸಿ ಮಳೆಗೆ ಅಲ್ಲಿ ಕೆಸರಾಗುವುದು ಖಂಡಿತ, ಚಿರೇಕಲ್ಲಿನ ಚೂರು ಹಾಸಿ ನೀರು ಹರಿಯುವಂತೆ ಇಳಿಜಾರು ಕೊಡಿ. ದರಕು, ಅಂದರೆ ಒಣಗಿದ ಎಲೆ, ಹಾಸಬೇಡಿ. ಮಳೆಗಾಲದಲ್ಲಿ ಅದರಡಿ ರಕ್ತ ಹೀರುವ ಉಂಬಳ (ಜಿಗಣೆ), ಮಳೆ ಮುಗಿದ ಮೇಲೆ ಉಣುಗು (ಉಣ್ಣೆ). ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದಲೇ. ಹಾಗಾಗಿ ದಿನಾ ಸಂಜೆ ನಾಯಿಯ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಿ. ಸಿಕ್ಕರೆ ಚಿಮಟದಿಂದ ಬುಡಸಮೇತ ಎಳೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ.

ಬಿಸಿಲೇರಿದಾಗ ನಾಯಿ ಮಣ್ಣು ಕೆದರುವುದು ತಂಪಿಗಾಗಿ. ಮುಂಗಾಲಲ್ಲಿ ಪರಪರ ಕೆರೆದು, ಒಂದು ಸುತ್ತು ತಿರುಗಿ, ಹಸಿ ಮಣ್ಣಿಗೆ ಹೊಟ್ಟೆ ತಾಗಿಸಿ ಕಾಲು ಚಾಚಿ ಮಲಗುತ್ತದೆ. ಹಲಸಿನ ಮರದ ನೆರಳಲ್ಲಿ ಒಂದು ಗುಂಡಿ ತೆಗೆದು ಮರಳು ತುಂಬಿ, ಮಧ್ಯಾಹ್ನ ಒಂದು ಕೊಡ ನೀರು ಚಿಮುಕಿಸಿ. ಅರಿಶಿನದ ಮಡಿ ಉಳಿಯುತ್ತದೆ. ಗಂಡುನಾಯಿ ಒಂದೇ ಗಿಡಕ್ಕೆ ಉಚ್ಚೆ ಹೊಯ್ದರೆ ಎಲೆ ಸುಡುತ್ತದೆ, ಕೂಡಲೇ ನೀರು ಹಾಕಿ.

ಇನ್ನು ವಿಷದ ಮಾತು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ದೇವರ ಪೂಜೆಗೆಂದು ಬೆಳೆಸುವ ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ನಾಯಿಗೆ ವಿಷ. ಅದನ್ನು ಮುಂದಿನ ಅಂಗಳಕ್ಕೆ, ನಾಯಿ ಹೋಗದ ಕಡೆ ನೆಡಿ. ಹಿತ್ತಲ ಬೇಲಿಗೆ ದಾಸವಾಳ ಸಾಕು. ಗಿಡದ ಬುಡಕ್ಕೆ ಗೊಬ್ಬರವೆಂದು ಹರಳು ಹಿಂಡಿ (ಹರಳೆಣ್ಣೆ ತೆಗೆದುಳಿದ ಹಿಂಡಿ) ಹಾಕಲೇಬೇಡಿ. ವಾಸನೆಗೆ ಮರುಳಾಗಿ ನಾಯಿ ಅಗೆದು ತಿನ್ನುತ್ತದೆ, ಜೀವಕ್ಕೇ ಅಪಾಯ. ಅದರ ಬದಲು ಸಗಣಿ ಗೊಬ್ಬರ ಹಳತಾದದ್ದನ್ನು ಹಾಕಿ. ಬಸವನಹುಳಕ್ಕೆ ಇಡುವ ವಿಷದ ಕಾಳೂ ನಾಯಿಗೆ ಅಪಾಯವೇ. ಬೆಳಿಗ್ಗೆ ಬೇಗ ಎದ್ದು ಹುಳ ಆರಿಸಿದರಾಯಿತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಮೈಲುತುತ್ತದ ಡ್ರಮ್ಮಿಗೆ ಮುಚ್ಚಳ ಹಾಕಿ, ನಾಯಿಯನ್ನು ಕಟ್ಟಿಹಾಕಿ. ವಿಷ ತಿಂದ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ, ತಿಂದದ್ದರ ಚೂರು ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಓಡಿ.

ಹಗಲಿಗೆ ಹಿತ್ತಲು ಎಷ್ಟು ಚಂದವಿದ್ದರೂ ರಾತ್ರಿ ನಾಯಿಯನ್ನು ಅಲ್ಲಿ ಸರಪಳಿಯಲ್ಲಿ ಕಟ್ಟಬೇಡಿ. ನಮ್ಮ ಕಡೆ ಚಿರತೆ ನಾಯಿಗಾಗಿ ಮನೆಯಂಗಳಕ್ಕೂ ಬರುತ್ತದೆ. ಕೊಟ್ಟಿಗೆಯ ಒಳಗೆ ಗೋಣಿಚೀಲ ಹಾಸಿ, ಬಾಗಿಲು ಹಾಕಿ ಮಲಗಿಸಿ.