ದೊಡ್ಡ ಟೈರಿಗೆ ತಕ್ಕ ಹಲ್ಲು: ಆಕ್ಸೆಲ್ ಗೇರು ಬದಲಿಸಿ, ಹಿಂಬದಿ ಲಾಕರ್ ಕೂರಿಸುವುದು ಹೇಗೆ?

29 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿದ ಜೀಪು ಏರು ಹತ್ತುವಾಗ ಏದುಸಿರು ಬಿಟ್ಟರೆ ಎಂಜಿನ್ನನ್ನು ದೂರಬೇಡಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಗಾಡಿಯ ಎಲ್ಲ ಗೇರುಗಳೂ ಅರ್ಧ ಮೆಟ್ಟಿಲು ಮೇಲೆ ಜರುಗಿದಂತಾಗಿರುತ್ತದೆ. ಇದನ್ನು ಸರಿಪಡಿಸುವ ಜಾಗ ಆಕ್ಸೆಲ್ಲಿನ ಹೊಟ್ಟೆಯೊಳಗಿನ ಕ್ರೌನ್-ಪಿನಿಯನ್, ಅಂದರೆ ದೊಡ್ಡ ಹಲ್ಲುಚಕ್ರ (ಕ್ರೌನ್ ವೀಲ್) ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ (ಪಿನಿಯನ್). ಎಡ-ಬಲ ಚಕ್ರಗಳೆರಡೂ ಒಟ್ಟಿಗೇ ತಿರುಗುವಂತೆ ಕಚ್ಚಿಹಿಡಿಯುವ ಲಾಕರ್ ಕೂರುವುದೂ ಅಲ್ಲೇ. ಮುಂದೆಂದಾದರೂ ಲಾಕರ್ ಹಾಕುವ ಯೋಚನೆಯಿದ್ದರೆ ಗೇರಿನ ಜೊತೆಗೇ ಹಾಕಿಬಿಡಿ. ಕ್ರೌನ್ ವೀಲನ್ನು ಹೊತ್ತಿರುವ ಕ್ಯಾರಿಯರ್ ಬದಲಾದ ದಿನ ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಲೆಕ್ಕವೆಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಅನುಪಾತದ ಲೆಕ್ಕ

ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. 41ಕ್ಕೆ 11 ಇದ್ದರೆ 3.73. ಇದನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯದರ ಎತ್ತರದಿಂದ ಭಾಗಿಸಿ: 3.73 × 33 ÷ 29 = 4.24. ಸಾಮಾನ್ಯವಾಗಿ ಇದರ ಆಚೀಚೆ ಸಿಗುವ ಸೆಟ್‌ಗಳು 4.10 ಮತ್ತು 4.56. ಟಾಪ್ ಗೇರು 0.80 ಇರುವ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೊದಲು ಸುಮಾರು 2,150 ಆರ್‌ಪಿಎಂನಲ್ಲಿ ಓಡುತ್ತಿತ್ತು ಎನ್ನಿ. ಟೈರ್ ಮಾತ್ರ ಬದಲಿಸಿದರೆ ಅದು 1,890ಕ್ಕೆ ಕುಸಿಯುತ್ತದೆ, 4.10ರಲ್ಲಿ 2,075, 4.56ರಲ್ಲಿ 2,310. ವಿಂಚ್, ಉಕ್ಕಿನ ಬಂಪರ್, ತಲೆಮೇಲೆ ಸಾಮಾನು ಹೊತ್ತು ಬೆಟ್ಟಕ್ಕೆ ಹೋಗುವ ಗಾಡಿಗೆ ನಮ್ಮ ಆಯ್ಕೆ 4.56. ಹಗುರ ಗಾಡಿ, ಹೆಚ್ಚು ಹೆದ್ದಾರಿ ಓಡಾಟವಾದರೆ 4.10 ಸಾಕು. ಅಗತ್ಯ ಮೀರಿ ಮೇಲಕ್ಕೆ ಹೋಗಬೇಡಿ. ಅನುಪಾತ ಏರಿದಷ್ಟೂ ಪಿನಿಯನ್ ತಲೆ ಚಿಕ್ಕದಾಗುತ್ತದೆ, ಹಲ್ಲು ಕಡಿಮೆಯಾಗುತ್ತದೆ, ಬಲ ಕುಗ್ಗುತ್ತದೆ.

ಮುಂದಿನ ಆಕ್ಸೆಲ್ಲಿಗೂ ಅದೇ ಅನುಪಾತ ಬೇಕು. 4.10 ಮತ್ತು 4.11ರಷ್ಟು ಸಣ್ಣ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಫೋರ್ ವೀಲ್ ಹಾಕಿದೊಡನೆ ಎರಡು ಆಕ್ಸೆಲ್‌ಗಳೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಎರಡೂ ಮುಗಿಯುವ ತನಕ ಆ ಲಿವರ್ ಮುಟ್ಟಬೇಡಿ.

ಸೆಟ್ ತರಿಸುವ ಮುನ್ನ ಇನ್ನೊಂದನ್ನು ನೋಡಿಕೊಳ್ಳಬೇಕು. ಹಲವು ಆಕ್ಸೆಲ್‌ಗಳಲ್ಲಿ ಒಂದು ಮಿತಿ ದಾಟಿದರೆ ಕ್ಯಾರಿಯರ್ ಕೂಡ ಬೇರೆಯದೇ ಬೇಕು. ಹಳೆಯ ಡಾನಾ 44ರಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಲಾಕರಿಗೆ ತನ್ನದೇ ಕ್ಯಾರಿಯರ್ ಇರುವುದರಿಂದ ಅದನ್ನು ಹೊಸ ಅನುಪಾತಕ್ಕೆ ಹೊಂದುವಂಥದ್ದನ್ನೇ ಕೇಳಿ ತರಿಸಿ. ಆಕ್ಸೆಲ್ ಶಾಫ್ಟಿನ ತುದಿಯ ಉದ್ದಗೀರು ಹಲ್ಲುಗಳ (ಸ್ಪ್ಲೈನ್) ಎಣಿಕೆಯೂ ತಾಳೆಯಾಗಬೇಕು.

ತಾನಾಗಿಯೇ ಕಚ್ಚುವ ಆಟೋಮ್ಯಾಟಿಕ್ ಲಾಕರ್ ಗಟ್ಟಿ, ಅದಕ್ಕೆ ತಂತಿ, ಕೊಳವೆಗಳ ಗೋಜಿಲ್ಲ. ಆದರೆ ಟಾರು ರಸ್ತೆಯ ತಿರುವಿನಲ್ಲಿ ಟಕಟಕ ಎನ್ನುತ್ತದೆ, ಕೆಲವೊಮ್ಮೆ ಒದೆಯುತ್ತದೆ. ದಿನನಿತ್ಯ ಓಡಿಸುವ ಗಾಡಿಗೆ ಸ್ವಿಚ್ಚಿನಿಂದ ನಡೆಯುವ ಏರ್ ಅಥವಾ ಎಲೆಕ್ಟ್ರಿಕ್ ಲಾಕರ್ ಒಳ್ಳೆಯದು. ಕೆಳಗಿನ ವಿವರ ಏರ್ ಲಾಕರಿನದು.

ಬಿಚ್ಚುವಾಗ

ಗಾಡಿಯನ್ನು ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಎಣ್ಣೆ ಬಸಿದು, ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಆಕ್ಸೆಲ್ ಶಾಫ್ಟ್‌ಗಳನ್ನು ಹೊರಗೆಳೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಎಡ-ಬಲ ಗುರುತು ಹೊಡೆಯುವುದನ್ನು ಮರೆಯಲೇಬಾರದು. ಅವನ್ನು ಆಕ್ಸೆಲ್ ಹೌಸಿಂಗಿನ (ಹೊರಕವಚದ) ಜೊತೆಗೇ ಕೊರೆದಿರುತ್ತಾರೆ. ಅದಲುಬದಲಾದರೆ ಬೇರಿಂಗ್ ದುಂಡಗೆ ಕೂರುವುದಿಲ್ಲ. ಎರಡೂ ಬದಿಯ ಶಿಮ್‌ಗಳನ್ನು ಬೇರೆಬೇರೆ ಕಟ್ಟಿಡಿ. ಪಿನಿಯನ್ ಶಿಮ್ಮನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಹೊಸ ಪಿನಿಯನ್ನಿನ ಆಳ ಅಲ್ಲಿಂದಲೇ ಶುರು.

ಹಳೆಯ ಬೇರಿಂಗ್ ಚೆನ್ನಾಗಿದ್ದರೆ ಎಸೆಯಬೇಡಿ. ಅದರ ಒಳರಂಧ್ರವನ್ನು ಕೈಯಲ್ಲಿ ಜಾರುವಷ್ಟು ಉಜ್ಜಿ ಪರೀಕ್ಷೆಯ ಬೇರಿಂಗ್ ಮಾಡಿಕೊಳ್ಳಿ. ಶಿಮ್ ಬದಲಿಸಲು ಐದಾರು ಸಲವಾದರೂ ಬಿಚ್ಚಿ ಜೋಡಿಸಬೇಕಾಗುತ್ತದೆ. ಪ್ರತಿ ಸಲವೂ ಹೊಸ ಬೇರಿಂಗನ್ನು ಪ್ರೆಸ್ಸಿಗೆ ಕೊಟ್ಟರೆ ಅದು ಓಡುವ ಮುಂಚೆಯೇ ಹಾಳು.

ಪಿನಿಯನ್, ಕ್ರೌನ್ ವೀಲ್

ಕ್ರೌನ್ ವೀಲ್ ಕೂರುವ ಮುಖವನ್ನು ನುಣುಪು ಕಲ್ಲಿನಿಂದ ಉಜ್ಜಿ, ಹೊಸ ಬೋಲ್ಟುಗಳಿಗೆ ಕೆಂಪು ಥ್ರೆಡ್‌ಲಾಕರ್ ಹಚ್ಚಿ, ಎದುರುಬದುರಾಗಿ ಬಿಗಿಯುತ್ತಾ ಬಂದು ಕಿಟ್‌ನಲ್ಲಿ ಹೇಳಿದ ಟಾರ್ಕಿಗೆ ಮುಗಿಸಿ. ಸುತ್ತಿಗೆ ಬೇಡ.

ಪಿನಿಯನ್ನನ್ನು ಹಳೆಯ ಶಿಮ್ಮಿನಷ್ಟೇ ದಪ್ಪದೊಂದಿಗೆ ಕೂರಿಸಿ. ಎರಡೂ ಬೇರಿಂಗ್ ನಡುವಿನ ಕ್ರಶ್ ಸ್ಲೀವ್ ಈಗಲೇ ಹಾಕಬೇಡಿ. ಅದು ಒಂದೇ ಸಲ ಕುಗ್ಗುವ ವಸ್ತು. ಪರೀಕ್ಷೆಯ ಹೊತ್ತಿನಲ್ಲಿ ಸ್ಲೀವ್ ಇಲ್ಲದೆ, ಅಲುಗಾಟ ಹೋಗಿ ತುಸು ಬಿಗುವು ಬರುವಷ್ಟು ಮಾತ್ರ ನಟ್ಟು ತಿರುಗಿಸಿ.

ನಂತರ ಕ್ಯಾರಿಯರ್ ಇಳಿಸಿ, ಡಯಲ್ ಗೇಜಿನ ಮುಳ್ಳನ್ನು ಕ್ರೌನ್ ಹಲ್ಲಿಗೆ ನೇರವಾಗಿ ತಾಗಿಸಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ನೋಡಿ. ಹೆಚ್ಚಿನ ಆಕ್ಸೆಲ್‌ಗಳಿಗೆ 0.15ರಿಂದ 0.25 ಮಿ.ಮೀ. ಸರಿ. ನಾಲ್ಕು ಕಡೆ ಅಳೆಯಿರಿ. 0.05ಕ್ಕಿಂತ ಹೆಚ್ಚು ಏರಿಳಿತವಿದ್ದರೆ ಕ್ರೌನ್ ವೀಲಿನ ಅಡಿಯಲ್ಲಿ ಕಸವೋ ಲೋಹದ ಮುಳ್ಳೋ ಉಳಿದಿದೆ ಎಂದರ್ಥ. ಬ್ಯಾಕ್‌ಲ್ಯಾಶ್ ಹೊಂದಿಸಲು ಒಂದು ಬದಿಯಿಂದ ತೆಗೆದ ಶಿಮ್ಮನ್ನು ಇನ್ನೊಂದು ಬದಿಗೆ ಹಾಕಬೇಕು, ಒಟ್ಟು ದಪ್ಪ ಬದಲಾಗಬಾರದು. 0.25 ಮಿ.ಮೀ. ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.18ರಷ್ಟು ಬದಲಾಗುತ್ತದೆ.

ಹಲ್ಲಿನ ಮೇಲಿನ ಅಚ್ಚು

ಇಡೀ ಕೆಲಸದ ಜೀವ ಇಲ್ಲಿದೆ. ಗೇಜಿನ ಅಂಕಿಯೆಲ್ಲ ಸರಿಯಿದ್ದೂ ಹಲ್ಲಿಗೆ ಹಲ್ಲು ತಾಗಿ ಮೂಡುವ ಅಚ್ಚು ತಪ್ಪಿದ್ದರೆ ಗೇರು ಕೂಗುತ್ತದೆ, ಕೊನೆಗೆ ಹಲ್ಲು ಮುರಿಯುತ್ತದೆ.

ಹಳದಿ ಮಾರ್ಕಿಂಗ್ ಪೇಸ್ಟನ್ನು ಕ್ರೌನ್ ವೀಲಿನ ಮೂರ್ನಾಲ್ಕು ಹಲ್ಲುಗಳಿಗೆ ಎರಡೂ ಮಗ್ಗುಲಲ್ಲಿ ತೆಳ್ಳಗೆ ಬಳಿಯಿರಿ. ಕ್ರೌನ್ ವೀಲನ್ನು ಬಟ್ಟೆಯಿಂದ ಒತ್ತಿಹಿಡಿದು, ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಿ. ಒತ್ತಡವಿಲ್ಲದೆ ತಿರುಗಿಸಿದರೆ ಅಚ್ಚು ಸ್ಪಷ್ಟವಾಗಿ ಮೂಡುವುದಿಲ್ಲ.

ಹಲ್ಲಿನ ಬುಡಕ್ಕೂ ನೆತ್ತಿಗೂ ನಡುವೆ, ಎರಡರ ಅಂಚನ್ನೂ ಮುಟ್ಟದೆ ಅಚ್ಚು ಬಿದ್ದಿರಬೇಕು. ಎರಡೂ ಮಗ್ಗುಲಲ್ಲಿ ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಒಳಗೆ ಬಂದಿದೆ. ಶಿಮ್ ಪಿನಿಯನ್ ತಲೆಯ ಹಿಂದೆ ಕೂರುವ ಆಕ್ಸೆಲ್ ಆದರೆ ಅದನ್ನು ಕಡಿಮೆ ಮಾಡಿ. ನೆತ್ತಿಗೆ ಏರಿದ್ದರೆ ಶಿಮ್ ಸೇರಿಸಿ. ಹಲ್ಲಿನ ಉದ್ದದಲ್ಲಿ ಒಳತುದಿಗೋ ಹೊರತುದಿಗೋ ಜರುಗಿದ್ದು ಬ್ಯಾಕ್‌ಲ್ಯಾಶಿನ ವಿಚಾರ. ಬ್ಯಾಕ್‌ಲ್ಯಾಶ್ ಮಿತಿಯೊಳಗಿದ್ದರೆ ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆಳ ಮೊದಲು.

ಮೊದಲ ಬದಲಾವಣೆ ಧೈರ್ಯವಾಗಿ 0.10 ಮಿ.ಮೀ. ಇರಲಿ, ಆಮೇಲೆ ಅದರ ಅರ್ಧ. ಆಳ ಬದಲಿಸಿದ ಪ್ರತಿ ಸಲವೂ ಬ್ಯಾಕ್‌ಲ್ಯಾಶನ್ನು ಮತ್ತೆ ಮಿತಿಗೆ ತಂದು, ಆಮೇಲಷ್ಟೇ ಅಚ್ಚು ನೋಡಿ. ಈ ಒಂದು ಹಂತ ಬಿಟ್ಟವರು ಎರಡು ದಿನ ಅತ್ತಿತ್ತ ಸುತ್ತುತ್ತಲೇ ಇರುತ್ತಾರೆ.

ಅಚ್ಚು ಒಪ್ಪಿಗೆಯಾದ ಮೇಲೆ ಹೊಸ ಬೇರಿಂಗ್, ಹೊಸ ಕ್ರಶ್ ಸ್ಲೀವ್. ಸ್ಲೀವ್ ಕುಗ್ಗಲು 400 ನ್ಯೂಟನ್ ಮೀಟರಿಗೂ ಹೆಚ್ಚು ಬಲ ಬೇಕಾಗಬಹುದು, ಉದ್ದನೆಯ ಹಿಡಿ ಬಳಸಿ. ಅಲುಗಾಟ ನಿಂತ ಮೇಲೆ ನಟ್ಟನ್ನು ಕೂದಲೆಳೆಯಷ್ಟೇ ತಿರುಗಿಸಿ, ಪಿನಿಯನ್ ತಿರುಗಲು ಬೇಕಾದ ಬಲವನ್ನು ಪ್ರತಿ ಸಲ ಅಳೆಯಿರಿ. ಹೊಸ ಬೇರಿಂಗಿಗೆ ಹಲವು ಆಕ್ಸೆಲ್‌ಗಳಲ್ಲಿ 1.6ರಿಂದ 2.1 ನ್ಯೂಟನ್ ಮೀಟರ್. ನಿಮ್ಮ ಆಕ್ಸೆಲ್ಲಿನ ಮ್ಯಾನುಯಲ್ ಹೇಳುವುದೇ ಅಂತಿಮ. ಮಿತಿ ದಾಟಿದರೆ ನಟ್ಟು ಸಡಿಲಿಸಿ ಸರಿದೂಗಿಸುವಂತಿಲ್ಲ, ಸ್ಲೀವ್ ಹಿಂದಕ್ಕೆ ಹಿಗ್ಗುವುದಿಲ್ಲ. ಬಿಚ್ಚಿ ಹೊಸದು ಹಾಕಿ. ಒಂದು ಸ್ಲೀವ್ ಹೆಚ್ಚಿಗೆ ತಂದಿಟ್ಟುಕೊಂಡಿರಿ. ಕ್ಯಾರಿಯರ್ ಬೇರಿಂಗೂ ಹೊಸದಾಗಿರುವುದರಿಂದ ಬ್ಯಾಕ್‌ಲ್ಯಾಶ್ ಮತ್ತು ಅಚ್ಚನ್ನು ಕೊನೆಯದಾಗಿ ಇನ್ನೊಮ್ಮೆ ನೋಡಿ.

ಗಾಳಿಯ ದಾರಿ

ಕ್ಯಾರಿಯರಿನ ಒಂದು ಬದಿಯಲ್ಲಿ ಕೂರುವ ಸೀಲ್ ಹೌಸಿಂಗಿನ ಮೂಲಕ ಗಾಳಿ ಒಳಗೆ ಹೋಗುತ್ತದೆ. ಅದರ ಓ-ರಿಂಗ್‌ಗಳಿಗೆ ಎಣ್ಣೆ ಸವರಿ ಕೂರಿಸಿ; ಒಣಗಿದ ರಿಂಗ್ ಹರಿಯುತ್ತದೆ. ಅದರಿಂದ ಹೊರಡುವ ತಾಮ್ರದ ಕೊಳವೆಯನ್ನು ಮೆಲ್ಲಗೆ ಬಾಗಿಸಿ, ಕ್ರೌನ್ ವೀಲಿಗೆ ತಾಗದಂತೆ ನಡೆಸಿ. ಆಕ್ಸೆಲ್ ಹೌಸಿಂಗಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ 7/16 ಇಂಚಿನ ರಂಧ್ರ ಕೊರೆದು 1/4 ಇಂಚು ಎನ್‌ಪಿಟಿ (ಕೊಳವೆ ಜೋಡಣೆಯ ಥ್ರೆಡ್) ಟ್ಯಾಪ್ ಹಾಕಬೇಕು. ಈ ಕೊರೆತವನ್ನು ಹೊಸ ಗೇರು ಕೂರಿಸುವ ಮುನ್ನವೇ ಮುಗಿಸಿ, ಲೋಹದ ಪುಡಿಯನ್ನು ಒಂದಿಷ್ಟೂ ಉಳಿಸದೆ ತೊಳೆಯಿರಿ.

ಕವರ್ ಮುಚ್ಚುವ ಮೊದಲು ಗಾಳಿ ಬಿಟ್ಟು, ಜೋಡಣೆಗಳಿಗೆಲ್ಲ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಆಕ್ಸೆಲ್ ಶಾಫ್ಟ್‌ಗಳನ್ನು ಸೇರಿಸಿ ಒಂದು ಚಕ್ರ ತಿರುಗಿಸಿ: ಲಾಕರ್ ಬಿಟ್ಟಾಗ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು, ಕಚ್ಚಿದಾಗ ಎರಡೂ ಒಂದೇ ದಿಕ್ಕಿಗೆ. ಮುಂದೆ ಗಾಳಿ ಬಿಡುವ, ತಡೆಯುವ ಸೊಲೆನಾಯ್ಡಿನ ಬಾಯಿಂದ ಎಣ್ಣೆ ಉಗುಳತೊಡಗಿದರೆ ಈ ಓ-ರಿಂಗ್‌ಗಳನ್ನೇ ಅನುಮಾನಿಸಿ.

ಮೊದಲ 800 ಕಿ.ಮೀ.

80ಡಬ್ಲ್ಯು-90 ಜಿಎಲ್-5 ಮಿನರಲ್ ಎಣ್ಣೆ ತುಂಬಿ. ಮೊದಲ ಸಲ ಹದಿನೈದಿಪ್ಪತ್ತು ನಿಮಿಷ ಹಗುರವಾಗಿ ಓಡಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ ಆಗಲಿ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ವಿಪರೀತ ಬಿಸಿಯಾಗುತ್ತವೆ. ಮೊದಲ ದಿನವೇ ದೂರ ಓಡಿಸಿ ಸುಟ್ಟುಕೊಂಡ ಸೆಟ್‌ಗಳಿಗೆ ಲೆಕ್ಕವಿಲ್ಲ. 800 ಕಿ.ಮೀ.ವರೆಗೆ ಟ್ರೈಲರ್ ಎಳೆಯಬೇಡಿ. ಆಮೇಲೆ ಎಣ್ಣೆ ಬದಲಿಸಿ. ಬಸಿದ ಎಣ್ಣೆಯಲ್ಲಿ ಬೂದಿಯಂಥ ನುಣುಪು ಪುಡಿ ಸಹಜ. ಚೂರು ಕಂಡರೆ ಕವರ್ ಬಿಚ್ಚಿ. ಸ್ಪೀಡೋಮೀಟರನ್ನೂ ಹೊಸ ಟೈರು, ಹೊಸ ಅನುಪಾತಕ್ಕೆ ಹೊಂದಿಸಬೇಕು.

ಪಿನಿಯನ್ ಬೇರಿಂಗ್ ಇರುವ ಜಾಗ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಪ್ರಿಲೋಡ್ (ಬೇರಿಂಗಿನ ಬಿಗುವು) ಹೆಚ್ಚಾಗಿರಬಹುದು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಕೂಗಿನ ರಾಗ ಬದಲಾದರೆ ಪಿನಿಯನ್ ಆಳದ ಕಡೆ ಗಮನ ಕೊಡಿ. ಎರಡರಲ್ಲೂ ಒಂದೇ ಸಮನೆ ಗುರುಗುರು ಎಂದರೆ ಬೇರಿಂಗ್ ನೋಡಿ. ಕೂಗುವ ಗೇರು ಓಡುತ್ತಾ ಓಡುತ್ತಾ ಸುಮ್ಮನಾಗುತ್ತದೆಂದು ಕಾಯಬೇಡಿ, ಮತ್ತೆ ಪೇಸ್ಟ್ ಬಳಿದು ಅಚ್ಚು ನೋಡಿ.